ಹೆಸರು ಹೇಳದ ಆನ್‌ಲೈನ್ ಬೈಬಲ್ ತರಗತಿಗಳು: ಶಿಂಚೊಂಜಿ ಮತ್ತು ‘ತಾಯಿ ದೇವರು’ ಬೋಧನೆಯನ್ನು ಪರೀಕ್ಷಿಸುವುದು ಹೇಗೆ?

ಬೆರೋಯ_ಓದುಗ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಜೂಮ್, ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ ನಡೆಯುವ, ಯಾವ ಸಭೆಯದು ಎಂದು ಬಾಯಿಬಿಡದ ಬೈಬಲ್ ತರಗತಿಗಳ ಬಗ್ಗೆ ಪ್ರಶ್ನೆಗಳು ಬಿಡಿಬಿಡಿಯಾಗಿ ಬರುತ್ತಲೇ ಇವೆ. ಉತ್ತರಗಳೆಲ್ಲ ಒಂದೇ ಕಡೆ ಸಿಗಲಿ ಎಂದು ಈ ಚರ್ಚೆ ತೆರೆದಿದ್ದೇನೆ. ಮೊದಲು ದಕ್ಷಿಣ ಕೊರಿಯದ ಶಿಂಚೊಂಜಿಯಿಂದ ಶುರು ಮಾಡುತ್ತೇನೆ. ಗುಟ್ಟಾಗಿ ಕಲಿಸುವ ಪದ್ಧತಿಯನ್ನು ಇಷ್ಟು ಕ್ರಮಬದ್ಧವಾಗಿ ಕಟ್ಟಿಕೊಂಡ ಗುಂಪು ಸಿಗುವುದು ಅಪರೂಪ. ಅದನ್ನು ಅರ್ಥಮಾಡಿಕೊಂಡರೆ ಉಳಿದವುಗಳನ್ನು ಗುರುತಿಸುವುದು ಸುಲಭ.

ಅದರ ಸ್ಥಾಪಕ ಲೀ ಮಾನ್-ಹೀ ಹುಟ್ಟಿದ್ದು 1931ರಲ್ಲಿ, ಶಿಂಚೊಂಜಿ ಆರಂಭಿಸಿದ್ದು 1984ರಲ್ಲಿ. ಅದಕ್ಕೆ ಮುಂಚೆ ಅವರು ಕೊರಿಯದ್ದೇ ಬೇರೆ ಪಂಥಗಳಲ್ಲಿದ್ದವರು. ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದ ಘಟನೆಗಳು ಆ ಹಳೆಯ ಪಂಥಗಳಲ್ಲೊಂದರ ಒಳಜಗಳದಲ್ಲಿ ನೆರವೇರಿದವು, ಅದನ್ನು ಕಣ್ಣಾರೆ ಕಂಡ ಏಕೈಕ ಸಾಕ್ಷಿ ಲೀ, ಪ್ರಕಟನೆ 2 ಮತ್ತು 3ನೇ ಅಧ್ಯಾಯಗಳಲ್ಲಿ ಬರುವ ‘ಜಯಹೊಂದುವವನು’ ಅವರೇ ಎಂಬುದು ಬೋಧನೆಯ ತಿರುಳು. ಪ್ರಕಟನೆ 7ರಲ್ಲಿ ಬರುವ, ಮುದ್ರೆ ಒತ್ತಿಸಿಕೊಂಡ 1,44,000 ಜನ ಅವರ ಹನ್ನೆರಡು ಕುಲಗಳಲ್ಲಿ ಸೇರುತ್ತಾರೆ, ಹುತಾತ್ಮರ ಆತ್ಮಗಳು ಬಂದು ಇವರ ದೇಹಗಳೊಂದಿಗೆ ಒಂದಾಗುತ್ತವೆ, ಆಮೇಲೆ ಇವರಿಗೆ ಸಾವಿಲ್ಲ ಎಂದು ಕಲಿಸುತ್ತಾರೆ.

ಇದನ್ನು ಮೊದಲ ದಿನವೇ ಹೇಳಿದರೆ ಯಾರೂ ಕೂರುವುದಿಲ್ಲ. ಆದ್ದರಿಂದ ಕಲಿಸುವ ಅನುಕ್ರಮವೇ ಅವರ ಬಲ. ಸಾಮಾನ್ಯವಾಗಿ ಅದು ಹೀಗೆ ಸಾಗುತ್ತದೆ:

ಮೊದಲ ಸಂಪರ್ಕ ಇನ್‌ಸ್ಟಾಗ್ರಾಂ ಮೆಸೇಜು, ಯುವಜನರ ಸರ್ವೆ, ವ್ಯಕ್ತಿತ್ವ ಪರೀಕ್ಷೆ ಅಥವಾ ‘ಪ್ರಕಟನೆ ಸೆಮಿನಾರ್’. ಪಂಗಡದ ಹೆಸರು ಕೇಳಿದರೆ “ನಾವು ಎಲ್ಲ ಸಭೆಗಳಿಗೂ ಸೇರಿದವರು” ಎಂಬ ಉತ್ತರ. ಆಮೇಲೆ ಒಬ್ಬರೋ ಇಬ್ಬರೋ ಜೊತೆಗೂಡಿ ನಡೆಸುವ ಚಿಕ್ಕ ಅಧ್ಯಯನ. ಮನೆಯವರು ಯಾರು, ಸಭಾಪಾಲಕರ ಮೇಲೆ ಬೇಸರವಿದೆಯೇ, ಯಾವ ನೋವು ಇದೆ ಎಂಬುದೆಲ್ಲ ಈ ಹಂತದಲ್ಲೇ ಅವರಿಗೆ ಗೊತ್ತಾಗಿಬಿಡುತ್ತದೆ. ಮೂರನೆಯದು ‘ಸೆಂಟರ್’ ತರಗತಿ. ವಾರಕ್ಕೆ ಮೂರು ನಾಲ್ಕು ದಿನ, ಆರರಿಂದ ಒಂಬತ್ತು ತಿಂಗಳು. ಮೊದಲು ಸಾಮ್ಯಗಳು (ಯೇಸು ಹೇಳಿದ ಹೋಲಿಕೆಯ ಕಥೆಗಳು), ನಡುವೆ ಇಡೀ ಬೈಬಲಿನ ನೋಟ, ಕೊನೆಗೆ ಪ್ರಕಟನೆ. ಪರೀಕ್ಷೆಗಳೂ ಇವೆ.

ತರಗತಿಯಲ್ಲಿ ನಿಮ್ಮ ಹಾಗೇ ಹೊಸಬರಂತೆ ಕೂತು, ನಿಮ್ಮ ಸಂದೇಹಗಳನ್ನು ಕೇಳಿಸಿಕೊಂಡು ಮೇಲಿನವರಿಗೆ ಮುಟ್ಟಿಸುವ ಹಳೆಯ ಸದಸ್ಯರೂ ಇರುತ್ತಾರೆ. ಕೊರಿಯದಲ್ಲಿ ಇವರಿಗೆ ‘ಎಲೆ’ ಎಂಬ ಹೆಸರಿದೆ. ಮುಗಿಯುವವರೆಗೆ ಯಾರಿಗೂ ಹೇಳಬೇಡಿ, ಇಂಟರ್ನೆಟ್‌ನಲ್ಲಿ ಹುಡುಕಬೇಡಿ ಎಂಬ ಎಚ್ಚರಿಕೆ ಪದೇಪದೇ ಬರುತ್ತದೆ. ಶಿಂಚೊಂಜಿ ಎಂಬ ಹೆಸರು ಹೊರಬೀಳುವುದು ಕೆಲವು ತಿಂಗಳುಗಳ ಮೇಲೆ. ಅಷ್ಟರಲ್ಲಿ ಕಲಿತದ್ದೆಲ್ಲ ಸತ್ಯ ಎಂದು ನೂರು ಸಲ ಒಪ್ಪಿಕೊಂಡಾಗಿರುತ್ತದೆ.

ಇನ್ನೊಂದು ಮಾತು. ಆರಂಭದಲ್ಲಿ ಇವರು ಹಣ ಕೇಳುವುದಿಲ್ಲ. “ಒಂದು ಪೈಸೆ ತಗೊಂಡಿಲ್ಲ, ಹಾಗಾಗಿ ಮೋಸ ಇರಲಾರದು” ಎಂಬ ವಾದ ಇಲ್ಲಿ ನಡೆಯದು. ಇವರಿಗೆ ಮೊದಲು ಬೇಕಾದ್ದು ನಿಮ್ಮ ಸಂಜೆಗಳು.

ಕೋಲಾರ_ಯೂತ್

ಬ್ರದರ್, ಸಾಮ್ಯದ ಪಾಠಕ್ಕೆ ಉತ್ತರ ಕೊಡುವುದೇ ನಮ್ಮ ಹುಡುಗರಿಗೆ ಕಷ್ಟ. ಬೀಜ ಅಂದರೆ ವಾಕ್ಯ, ಹೊಲ ಅಂದರೆ ಹೃದಯ, ಮರ ಅಂದರೆ ಮನುಷ್ಯ, ಪಕ್ಷಿ ಅಂದರೆ ಆತ್ಮ, ಎಲ್ಲಕ್ಕೂ ವಚನ ತೋರಿಸುತ್ತಾರೆ. “ನಿಮ್ಮ ಪಾಸ್ಟರ್ ಇದನ್ನು ಯಾವತ್ತಾದರೂ ಹೇಳಿದ್ದಾರಾ?” ಅಂತ ಕೇಳಿದರೆ ಇವರ ಹತ್ತಿರ ಮಾತಿಲ್ಲ. ಪ್ರತಿ ವಚನಕ್ಕೂ ‘ಜೋಡಿ ವಚನ’ ಇದೆ, ಯೆಶಾಯ 34:16 ಹಾಗೆ ಹೇಳುತ್ತದೆ ಅನ್ನುತ್ತಾರೆ. ಯಾರಾದರೂ ಬಿಡಿಸಿ ಹೇಳ್ತೀರಾ?

ಗದಗದ_ಬೋಧಕ

ಕೋಲಾರದ ತಮ್ಮಾ, ಆ ಯೆಶಾಯ 34ನ್ನೇ ಮೊದಲು ತೆಗೀರಿ. 16ನೇ ವಚನ ಒಂದನ್ನೇ ಓದಬ್ಯಾಡ್ರಿ, 5ನೇ ವಚನದಿಂದ ಹಿಡೀರಿ. ಅದು ಎದೋಮಿನ ಮೇಲೆ ಬರುವ ತೀರ್ಪು. ದೇಶ ಹಾಳಾಗಿ, ಅರಮನೆಗಳಲ್ಲಿ ಮುಳ್ಳು ಬೆಳೆದು, ಗೂಬೆ, ನರಿ, ಹದ್ದು ಅಲ್ಲಿ ಸೇರಿಕೊಳ್ಳುತ್ತವೆ. 15ನೇ ವಚನದಲ್ಲಿ ಹದ್ದುಗಳು ಜೋಡಿಜೋಡಿಯಾಗಿ ಕೂಡುತ್ತವೆ. 16ರಲ್ಲಿ ‘ಜೋಡಿಯಿಲ್ಲದೆ ಇರದು’ ಅಂದಿದ್ದು ಈ ಪ್ರಾಣಿಪಕ್ಷಿಗಳಿಗೆ. ಒಂದು ವಚನಕ್ಕೆ ಇನ್ನೊಂದು ವಚನ ಜೋಡಿ ಎಂಬ ನಿಯಮ ಅಲ್ಲಿ ಎಲ್ಲೂ ಇಲ್ಲ. ಅವರ ಇಡೀ ವ್ಯಾಖ್ಯಾನದ ಬುನಾದಿ ಇದೇ ವಚನ. ಇದು ಕಳಚಿದರೆ ಮೇಲಿನ ಕಟ್ಟಡ ಯಾವುದರ ಮೇಲೆ ನಿಂತಿದೆ ಅಂತ ಕೇಳ್ರಿ.

ಇನ್ನು ಆ ಪದಗಳ ಪಟ್ಟಿ. ‘ಬೀಜ ಎಂದರೆ ವಾಕ್ಯ’ ಎಂಬುದು ಲೂಕ 8:11ರ ಮಟ್ಟಿಗೆ ಸರಿ. ಅದನ್ನು ಎಲ್ಲಾ ಕಡೆ ಹಚ್ಚಿದಾಗ ತಪ್ಪು ಶುರುವಾಗುತ್ತದೆ. ಮತ್ತಾಯ 13ರಲ್ಲೇ ನೋಡ್ರಿ: 19ನೇ ವಚನದಲ್ಲಿ ಬಿತ್ತಿದ್ದು ರಾಜ್ಯದ ವಾಕ್ಯ. ಅದೇ ಅಧ್ಯಾಯದ 38ರಲ್ಲಿ ಒಳ್ಳೇ ಬೀಜ ಎಂದರೆ ರಾಜ್ಯದ ಮಕ್ಕಳು, ಹೊಲ ಎಂದರೆ ಲೋಕ. ಯೇಸುಸ್ವಾಮಿಯೇ ಒಂದೇ ಅಧ್ಯಾಯದೊಳಗೆ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿದ್ದಾರೆ. ಹುಳಿಹಿಟ್ಟು ಮತ್ತಾಯ 13:33ರಲ್ಲಿ ಪರಲೋಕರಾಜ್ಯಕ್ಕೆ ಹೋಲಿಕೆ, 16:12ರಲ್ಲಿ ಫರಿಸಾಯರ ಬೋಧನೆಗೆ. ಸಿಂಹ ಪ್ರಕಟನೆ 5:5ರಲ್ಲಿ ಕ್ರಿಸ್ತ, 1 ಪೇತ್ರ 5:8ರಲ್ಲಿ ಸೈತಾನ. ಹೋಲಿಕೆಯ ಅರ್ಥವನ್ನು ಅದು ಬಂದಿರುವ ಮಾತೇ ತೀರ್ಮಾನ ಮಾಡುತ್ತದೆ.

ಮೂರನೆಯದು, ಸಾಮ್ಯಗಳ ಗುಟ್ಟು ಇಷ್ಟು ಶತಮಾನ ಬೀಗ ಹಾಕಿಕೊಂಡಿತ್ತು, ಈಗ ಒಬ್ಬರಿಗೆ ತೆರೆಯಿತು ಎಂಬ ಮಾತು. ಮತ್ತಾಯ 13:11ರಲ್ಲಿ ಗುಟ್ಟು ತಿಳಿಯುವ ವರ ಎದುರಿಗೆ ಕೂತಿದ್ದ ಶಿಷ್ಯರಿಗೇ ಕೊಟ್ಟಾಗಿತ್ತು. ಮಾರ್ಕ 4:34ರ ಪ್ರಕಾರ ಯೇಸು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮತ್ತಾಯ 13:51ರಲ್ಲಿ “ಇದೆಲ್ಲ ತಿಳಿಯಿತೋ” ಎಂದು ಕೇಳಿದಾಗ ಶಿಷ್ಯರು ಹೌದು ಅಂದರು. ಆ ‘ಹೌದು’ ಸುಳ್ಳಾಗಿದ್ದರೆ ಯೇಸು ಅಲ್ಲೇ ತಿದ್ದುತ್ತಿದ್ದರು.

ಮುದ್ರೆಯ ಸುರುಳಿಯನ್ನು ಬಿಚ್ಚುವುದಕ್ಕೆ ಯೋಗ್ಯ ಯಾರು ಎಂಬ ಪ್ರಶ್ನೆ ಪ್ರಕಟನೆ 5ರಲ್ಲಿ ಬರುತ್ತದೆ. ಉತ್ತರ ಒಬ್ಬನೇ, ಕೊಯ್ಯಲ್ಪಟ್ಟ ಕುರಿಮರಿ. ಪ್ರಕಟನೆ 10ರಲ್ಲಿ ಚಿಕ್ಕ ಸುರುಳಿಯನ್ನು ತಿಂದ ಯೋಹಾನ, 1:9ರಲ್ಲಿ ತಾನು ಪತ್ಮೋಸ್ ದ್ವೀಪದಲ್ಲಿದ್ದೆ ಎಂದು ಹೇಳಿಕೊಂಡ ಅದೇ ಯೋಹಾನ. ಲೀ ಅವರೇ ಎಂದು ಅವರು ಹೇಳುವ ‘ಹೊಸ ಯೋಹಾನ’ ಬರುತ್ತಾನೆ ಎಂಬ ಸುಳಿವು ಕೂಡ ಆ ಅಧ್ಯಾಯದಲ್ಲಿಲ್ಲ.

ಹನ್ನೆರಡು ಕುಲಗಳ ಮಾತು ಬಂದಾಗ ಒಂದೇ ಕೆಲಸ ಮಾಡ್ರಿ. ಪ್ರಕಟನೆ 7:5ರಿಂದ 8ರವರೆಗೆ ಗಟ್ಟಿಯಾಗಿ ಓದಿಸ್ರಿ. ಯೂದ, ರೂಬೇನ್, ಗಾದ್ ಎಂದು ಇಸ್ರಾಯೇಲಿನ ಹೆಸರುಗಳಿವೆ. ಶಿಂಚೊಂಜಿಯ ಕುಲಗಳಿಗೆ ಪೇತ್ರ, ಅಂದ್ರೆಯ, ತೋಮ, ಮತ್ತಾಯ ಎಂದು ಅಪೊಸ್ತಲರ ಹೆಸರುಗಳು. 1,44,000ವನ್ನು ಅಕ್ಷರಶಃ ಎಣಿಸಬೇಕು, ಕುಲದ ಹೆಸರನ್ನು ಮಾತ್ರ ಬದಲಾಯಿಸಬಹುದು ಎಂದರೆ ಅದು ಯಾವ ನ್ಯಾಯ? ಲೆಕ್ಕವೂ ದಾಟಿ ಹೋಗಿದೆ. 2020ರಲ್ಲಿ ಕೊರಿಯ ಸರ್ಕಾರ ಪಡೆದ ಪಟ್ಟಿಯಲ್ಲೇ 2 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. ಸಂಖ್ಯೆ ಮೀರಿದ ಮೇಲೆ, ಹೆಸರು ಬರೆಸಿದರೆ ಸಾಲದು, ಯೋಗ್ಯತೆ ಪಡೆದವರನ್ನಷ್ಟೇ ಎಣಿಸುತ್ತೇವೆ ಎಂದು ವಿವರಣೆ ಸರಿಯಿತು.

ಸಭಾಚರಿತ್ರೆ

ಗದಗದ ಅಯ್ಯನವರ ಮಾತಿಗೆ ಚರಿತ್ರೆಯಿಂದ ಎರಡು ಸೇರ್ಪಡೆ.

ವಚನಗಳನ್ನು ಅವುಗಳ ಜಾಗದಿಂದ ಕಿತ್ತು ಬೇರೆ ಚಿತ್ರಕ್ಕೆ ಜೋಡಿಸುವ ರೀತಿಯನ್ನು ಲಿಯೋನ್ ಪಟ್ಟಣದ ಬಿಷಪ್ ಐರೇನಿಯಸ್ ಕ್ರಿ.ಶ. 180ರ ಸುಮಾರಿಗೇ ಗುರುತಿಸಿದ್ದರು. ರತ್ನಗಳಿಂದ ಕೂಡಿಸಿದ ರಾಜನ ಚಿತ್ರವನ್ನು ಒಬ್ಬ ಕೆಡವಿ, ಅದೇ ರತ್ನಗಳಿಂದ ನರಿಯ ಚಿತ್ರ ಮಾಡಿ, ಇದೇ ರಾಜ ಎಂದು ತೋರಿಸಿದ ಹಾಗೆ ಎಂದು ಅವರು ಬರೆದರು. ರತ್ನಗಳು ಅಸಲಿಯೇ, ಅದಕ್ಕೇ ನೋಡುವವರು ನಂಬುತ್ತಾರೆ.

ಯೋಹಾನ 14:16ರ ‘ಬೇರೊಬ್ಬ ಸಹಾಯಕ’ ನಾನೇ ಅಥವಾ ನನ್ನ ಮೂಲಕ ಮಾತಾಡುತ್ತಾನೆ ಎಂಬ ದಾವೆಯೂ ಹಳೆಯದು. ಎರಡನೇ ಶತಮಾನದಲ್ಲಿ ಫ್ರುಗ್ಯದ ಮೊಂಟಾನಸ್ ಹಾಗೆ ಹೇಳಿಕೊಂಡ. ಅವನ ಅನುಯಾಯಿಗಳು ಹೊಸ ಯೆರೂಸಲೇಮು ತಮ್ಮ ಪೆಪುಜ ಎಂಬ ಊರಿಗೇ ಇಳಿಯುತ್ತದೆ ಎಂದು ಕಾದರು. ಮೂರನೇ ಶತಮಾನದಲ್ಲಿ ಪರ್ಷಿಯದ ಮಾನಿ ಅದೇ ಮಾತು ಹೇಳಿದ. ವಚನ ಇವರ್ಯಾರಿಗೂ ಹೊಂದುವುದಿಲ್ಲ. ಆ ಸಹಾಯಕನು ಶಿಷ್ಯರ ಸಂಗಡ ಸದಾಕಾಲ ಇರುವವನು, ಲೋಕದ ಕಣ್ಣಿಗೆ ಕಾಣದವನು (14:17), ಪವಿತ್ರಾತ್ಮನೆಂದು ಹೆಸರು ಹೇಳಿ ಗುರುತಿಸಿದವನು (14:26), ಸ್ವಲ್ಪ ದಿನಗಳಲ್ಲೇ ಬರುವವನು (ಅಪೊಸ್ತಲರ ಕೃತ್ಯಗಳು, ಅಂದರೆ ಅ.ಕೃ. 1:5).

ಇದೇ ಸಾಲಿಗೆ ಮಲಾಕಿಯ 4:5ರ ಎಲೀಯ ತಾವೇ ಎಂಬ ದಾವೆಯೂ ಸೇರುತ್ತದೆ. ಅಮೆರಿಕದ ವಿಲಿಯಂ ಬ್ರನ್ಹಾಂ (1909–1965) ಅವರನ್ನು ಹಾಗೆ ನಂಬುವ ‘ಮೆಸೇಜ್’ ಸಭೆಗಳು ದಕ್ಷಿಣ ಭಾರತದಲ್ಲೂ ಇವೆ. ಲೂಕ 1:17 ಮತ್ತು ಮತ್ತಾಯ 11:14 ಆ ಎಲೀಯ ಸ್ನಾನಿಕನಾದ ಯೋಹಾನ ಎಂದು ಸ್ಪಷ್ಟವಾಗಿ ಹೇಳುತ್ತವೆ.

ಸಂಡೇಸ್ಕೂಲ್_ಅಕ್ಕ

‘ತಾಯಿ ದೇವರು’ ಬಗ್ಗೆ ನಾನು ಬರೆಯುತ್ತೇನೆ. ಇದು ಶಿಂಚೊಂಜಿಗಿಂತ ಬೇರೆ ಗುಂಪು, ಎರಡೂ ಕೊರಿಯದ್ದಾದ್ದರಿಂದ ಜನ ಕಲಸಿಬಿಡುತ್ತಾರೆ. ವರ್ಲ್ಡ್ ಮಿಷನ್ ಸೊಸೈಟಿ ಚರ್ಚ್ ಆಫ್ ಗಾಡ್ ಅಂತ ಹೆಸರು. 1964ರಲ್ಲಿ ಆನ್ ಸಾಂಗ್-ಹೋಂಗ್ ಆರಂಭಿಸಿದ್ದು. ಅವರು 1985ರಲ್ಲಿ ತೀರಿಕೊಂಡರು. ಅವರೇ ಎರಡನೇ ಸಾರಿ ಬಂದ ಕ್ರಿಸ್ತ, ಜಾಂಗ್ ಗಿಲ್-ಜಾ ಎಂಬ ಮಹಿಳೆ ‘ತಾಯಿ ದೇವರು’ ಎಂದು ಕಲಿಸುತ್ತಾರೆ. ಇವರು ಸಾಮಾನ್ಯವಾಗಿ ಕಾಲೇಜು ಬಳಿ, ಮಾಲ್‌ಗಳಲ್ಲಿ ಇಬ್ಬಿಬ್ಬರಾಗಿ ಬಂದು “ಬೈಬಲಿನಲ್ಲಿ ತಾಯಿ ದೇವರು ಇದ್ದಾರೆ ಗೊತ್ತಾ?” ಎಂದು ಕೇಳುತ್ತಾರೆ. ಶಿಂಚೊಂಜಿಯವರ ಹಾಗೆ ತಿಂಗಳುಗಟ್ಟಲೆ ಕಾಯುವುದಿಲ್ಲ, ದೀಕ್ಷಾಸ್ನಾನಕ್ಕೆ ಬಹಳ ಬೇಗ ಅವಸರ ಮಾಡುತ್ತಾರೆ.

ಅವರು ತೋರಿಸುವ ವಚನಗಳು ಬೆರಳೆಣಿಕೆಯಷ್ಟು. ಮಕ್ಕಳಿಗೆ ಇವನ್ನು ಮೊದಲೇ ಓದಿಸಿಟ್ಟರೆ ಸಾಕು.

ಗಲಾತ್ಯ 4:26, ಮೇಲಣ ಯೆರೂಸಲೇಮು ನಮ್ಮ ತಾಯಿ. ಎರಡೇ ವಚನ ಹಿಂದಕ್ಕೆ ಹೋಗಿ 24 ಓದಿ. ಇದು ಉಪಮಾನ, ಈ ಇಬ್ಬರು ಸ್ತ್ರೀಯರು ಎರಡು ಒಡಂಬಡಿಕೆಗಳು ಎಂದು ಪೌಲನೇ ಹೇಳುತ್ತಾನೆ. ಹಾಗರಳು ಸೀನಾಯಿ ಬೆಟ್ಟವನ್ನು ಸೂಚಿಸಿದಂತೆ ಸಾರಳು ವಾಗ್ದಾನವನ್ನು ಸೂಚಿಸುತ್ತಾಳೆ. ಮೇಲಣ ಯೆರೂಸಲೇಮು ಕೊರಿಯದಲ್ಲಿರುವ ಹೆಂಗಸಾದರೆ ಕೆಳಗಣ ಯೆರೂಸಲೇಮೂ ಒಬ್ಬ ಹೆಂಗಸಾಗಬೇಕಲ್ಲವೇ?

ಪ್ರಕಟನೆ 21:9, ಮದಲಗಿತ್ತಿ. ದೇವದೂತನು ಮದಲಗಿತ್ತಿಯನ್ನು ತೋರಿಸುತ್ತೇನೆಂದು ಕರೆದುಕೊಂಡು ಹೋಗಿ 10ನೇ ವಚನದಲ್ಲಿ ತೋರಿಸಿದ್ದು ಪಟ್ಟಣವನ್ನು. ಅದಕ್ಕೆ ಗೋಡೆ, ಹನ್ನೆರಡು ಬಾಗಿಲು, ಅಳತೆ ಎಲ್ಲ ಇದೆ. ಆ ಮದಲಗಿತ್ತಿ ಸಭೆಯೇ ಎನ್ನಲು ಎಫೆಸ 5:25–32, 2 ಕೊರಿಂಥ 11:2 ಓದಿ.

ಆದಿಕಾಂಡ 1:26, ‘ನಾವು ಉಂಟುಮಾಡೋಣ’. ದೇವರು ಎಂಬುದಕ್ಕೆ ಅಲ್ಲಿರುವ ಎಲೋಹಿಮ್ ಬಹುವಚನ, ಆದ್ದರಿಂದ ಅಪ್ಪ ಅಮ್ಮ ಇಬ್ಬರು ಎನ್ನುತ್ತಾರೆ. ಮರುವಚನದಲ್ಲೇ ಸೃಷ್ಟಿಸಿದನು ಎಂಬ ಕ್ರಿಯಾಪದ ಏಕವಚನ. ವಿಮೋಚನಕಾಂಡ 7:1ರಲ್ಲಿ ಮೋಶೆ ಒಬ್ಬನಿಗೇ, 1 ಸಮುವೇಲ 5:7ರಲ್ಲಿ ಫಿಲಿಷ್ಟಿಯರ ದೇವತೆ ದಾಗೋನ್ ಒಂದಕ್ಕೇ ಇದೇ ಪದ ಬಂದಿದೆ. ಬಹುವಚನ ರೂಪ ಎಂದ ಮಾತ್ರಕ್ಕೆ ಇಬ್ಬರೆಂದು ಆಗುವುದಿಲ್ಲ.

ಆಮೇಲೆ 37 ವರ್ಷದ ಲೆಕ್ಕ. ದಾವೀದ 40 ವರ್ಷ ಆಳಿದ, ಯೇಸು ಸೇವೆ ಮಾಡಿದ್ದು 3 ವರ್ಷ, ಉಳಿದ 37ನ್ನು 1948ರಲ್ಲಿ ದೀಕ್ಷಾಸ್ನಾನ ಹೊಂದಿ 1985ರಲ್ಲಿ ತೀರಿಕೊಂಡ ಆನ್ ಪೂರೈಸಿದರು ಎಂದು ತೋರಿಸುತ್ತಾರೆ. ಲೆಕ್ಕ ಸರಿಯಾಗಿ ಕೂಡುವುದರಿಂದ ಹುಡುಗರು ಬೆರಗಾಗುತ್ತಾರೆ. ಯೇಸು ದಾವೀದನಷ್ಟೇ ವರ್ಷ ಆಳಬೇಕೆಂದು ಯಾವ ವಚನ ಹೇಳುತ್ತದೆ ಎಂದು ಕೇಳಿ. ಲೂಕ 1:33 ಆತನ ರಾಜ್ಯಕ್ಕೆ ಅಂತ್ಯವೇ ಇಲ್ಲ ಎನ್ನುತ್ತದೆ. ಅ.ಕೃ. 2:30–36ರಲ್ಲಿ ದಾವೀದನ ಸಿಂಹಾಸನದ ವಾಗ್ದಾನ ಪುನರುತ್ಥಾನದಲ್ಲಿ ನೆರವೇರಿತು ಎಂದು ಪೇತ್ರ ಸಾರುತ್ತಾನೆ. ಬಾಕಿ ಉಳಿದ ವರ್ಷಗಳೇ ಇಲ್ಲ.

ಪಸ್ಕ ಹಬ್ಬವನ್ನು ವರ್ಷಕ್ಕೊಮ್ಮೆ ತಮ್ಮಲ್ಲಿ ಆಚರಿಸಿದವರಿಗೇ ನಿತ್ಯಜೀವ ಎಂಬುದಕ್ಕೆ ಯೋಹಾನ 6:54 ತೋರಿಸುತ್ತಾರೆ. ಅದೇ ಉಪದೇಶದ 47ನೇ ವಚನ ನಂಬುವವನು ನಿತ್ಯಜೀವವನ್ನು ಹೊಂದಿದ್ದಾನೆ ಎನ್ನುತ್ತದೆ.

ಸತ್ಯವಾಕ್ಯ_777

ಅಕ್ಕ ಚೆನ್ನಾಗಿ ಬರೆದಿದ್ದೀರಿ. ಆದರೆ ತಾಯಿ ದೇವರು ಅಂದರೆ ಕ್ಯಾಥೊಲಿಕರ ಮರಿಯಮ್ಮನ ಭಕ್ತಿಯೂ ಅದೇ ತಾನೇ? ಎರಡನ್ನೂ ಒಂದೇ ಪಟ್ಟಿಗೆ ಹಾಕಬೇಕು.

ಮಂಗಳೂರು_ಫಿರ್ಗಜ್

ಹಾಗೆ ಹಾಕಬೇಡಿ ಬ್ರದರ್, ಅದು ಸತ್ಯವೂ ಅಲ್ಲ, ಈ ಚರ್ಚೆಗೆ ಉಪಯೋಗವೂ ಇಲ್ಲ. ಕಥೋಲಿಕ ಧರ್ಮಸಭೆ ಮರಿಯಮ್ಮನವರನ್ನು ಸೃಷ್ಟಿಯಾದವರು, ದೇವರ ಕೃಪೆಯಿಂದ ರಕ್ಷಣೆ ಹೊಂದಿದವರು ಎಂದೇ ಕಲಿಸುತ್ತದೆ. ಆರಾಧನೆ ತ್ರಿಯೇಕ ದೇವರಿಗೆ ಮಾತ್ರ. ನಾಲ್ಕನೇ ಶತಮಾನದಲ್ಲಿ ಕೊಲ್ಲಿರಿಡಿಯನ್ನರು ಎಂಬ ಗುಂಪು ಮರಿಯಮ್ಮನಿಗೆ ರೊಟ್ಟಿಯ ನೈವೇದ್ಯ ಮಾಡುತ್ತಿತ್ತು. ಅದನ್ನು ಖಂಡಿಸಿದವರು ಸೈಪ್ರಸ್‌ನ ಬಿಷಪ್ ಎಪಿಫಾನಿಯಸ್, ಧರ್ಮಸಭೆಯ ಸಂತರೇ. ಮರಿಯಮ್ಮನ ಗೌರವದ ಬಗ್ಗೆ ಪ್ರೊಟೆಸ್ಟೆಂಟರಿಗೂ ನಮಗೂ ನಿಜವಾದ ಭಿನ್ನಾಭಿಪ್ರಾಯವಿದೆ, ಅದನ್ನು ಬೇರೆ ಚರ್ಚೆಯಲ್ಲಿ ಮಾತಾಡೋಣ. ಜೀವಂತವಾಗಿರುವ ಒಬ್ಬ ಮಹಿಳೆಯನ್ನು ದೇವರೆನ್ನುವ ಬೋಧನೆಯೊಂದಿಗೆ ಇದನ್ನು ಬೆರೆಸಿದರೆ, ನಾಳೆ ಆ ಗುಂಪಿನವರು “ಎಲ್ಲರೂ ಎಲ್ಲರನ್ನೂ ಪಂಥ ಎನ್ನುತ್ತಾರೆ, ನಮ್ಮನ್ನೂ ಅನ್ನುತ್ತಾರೆ ಅಷ್ಟೇ” ಎಂದು ನುಣುಚಿಕೊಳ್ಳಲು ದಾರಿಯಾಗುತ್ತದೆ.

ಬೆರೋಯ_ಓದುಗ

ಮಂಗಳೂರಿನವರ ಮಾತು ಸರಿ. ಈ ಚರ್ಚೆಗೆ ನಾನು ಎರಡು ಅಳತೆ ಇಟ್ಟುಕೊಂಡಿದ್ದೇನೆ. ಬೋಧನೆಯದು ಒಂದು: ನೈಸಿಯ ವಿಶ್ವಾಸ ಪ್ರಮಾಣ ಅರಿಕೆಮಾಡುವ ತಂದೆ, ಮಗ, ಪವಿತ್ರಾತ್ಮನ ಜಾಗಕ್ಕೆ, ಅಥವಾ ಕ್ರಿಸ್ತನ ಒಂದೇ ಬಲಿಯ ಜಾಗಕ್ಕೆ, ಬೇರೆ ಮನುಷ್ಯನೋ ಸಂಸ್ಥೆಯೋ ಬಂದಿದೆಯೇ? ನಡತೆಯದು ಇನ್ನೊಂದು: ಗುಟ್ಟು, ಬೆದರಿಕೆ, ಮನೆಯವರಿಂದ ಬೇರ್ಪಡಿಸುವುದು ಇದೆಯೇ? ಇವೆರಡೂ ಯಾವಾಗಲೂ ಜೊತೆಗಿರುವುದಿಲ್ಲ. ಯೆಹೋವನ ಸಾಕ್ಷಿಗಳು ತ್ರಿಯೇಕತ್ವವನ್ನು ಒಪ್ಪುವುದಿಲ್ಲ, ಅದು ಮೂಲಭೂತ ವ್ಯತ್ಯಾಸ. ಆದರೆ ಬಾಗಿಲಿಗೆ ಬಂದಾಗ ಹೆಸರು ಹೇಳಿಯೇ ಬರುತ್ತಾರೆ. ಇನ್ನೊಂದು ಕಡೆ, ವಿಶ್ವಾಸ ಪ್ರಮಾಣವನ್ನು ತಪ್ಪಿಲ್ಲದೆ ಹೇಳುವ ಸಭೆಯಲ್ಲೂ “ನನ್ನನ್ನು ಪ್ರಶ್ನಿಸಿದರೆ ಅಭಿಷಿಕ್ತನ ಮೇಲೆ ಕೈಯೆತ್ತಿದ ಹಾಗೆ” ಎಂದು ಹೆದರಿಸುವ ನಾಯಕನಿರಬಹುದು. ಆ ನಡತೆಯನ್ನೂ ಅಷ್ಟೇ ಗಟ್ಟಿಯಾಗಿ ತಪ್ಪೆನ್ನಬೇಕು.

ಸತ್ಯವಾಕ್ಯ_777

ಒಪ್ಪಿದೆ, ಮಂಗಳೂರಿನವರೇ. ಆದರೆ ಒಂದು ವಿಷಯದಲ್ಲಿ ಸಡಿಲ ಬೇಡ. 2 ಯೋಹಾನ 10ರಲ್ಲಿ ಈ ಉಪದೇಶ ತರದವನನ್ನು ಮನೆಗೆ ಸೇರಿಸಬೇಡಿ ಎಂದಿದೆ. ಮಗನಾಗಲಿ ಮಗಳಾಗಲಿ, ಆ ಕಡೆ ಹೋದರೆ ಸಂಬಂಧ ಮುರಿದುಬಿಡಬೇಕು. ಆಗಲೇ ಬುದ್ಧಿ ಬರುವುದು.

ಧಾರವಾಡ_ಆಪ್ತಸಲಹೆ

ಸಂಬಂಧ ಮುರಿಯುವುದು ಆ ಗುಂಪಿಗೆ ನಾವಾಗಿಯೇ ಕೊಡುವ ದೊಡ್ಡ ಸಹಾಯ. ಆ ಪತ್ರ ಬರೆದ ಕಾಲದಲ್ಲಿ ಸಭೆಗಳು ಮನೆಗಳಲ್ಲೇ ಕೂಡುತ್ತಿದ್ದವು, ಊರೂರು ತಿರುಗುವ ಬೋಧಕರು ವಿಶ್ವಾಸಿಗಳ ಆತಿಥ್ಯದಿಂದಲೇ ಸೇವೆ ನಡೆಸುತ್ತಿದ್ದರು. ಸುಳ್ಳು ಬೋಧಕನಿಗೆ ಆ ವೇದಿಕೆ, ಆ ಬೆಂಬಲ ಕೊಡಬೇಡಿ ಎಂಬುದು ಅಲ್ಲಿನ ಮಾತು. ಮೋಸಹೋದ ಮಗಳಿಗೆ ಊಟ ಹಾಕಬೇಡಿ ಎಂಬುದಲ್ಲ. ಸಂದೇಹಪಡುವವರಿಗೆ ಕರುಣೆ ತೋರಿಸಿರಿ ಎಂದು ಯೂದನ ಪತ್ರ 22 ಹೇಳುತ್ತದೆ.

“ಸತ್ಯ ತಿಳಿದ ಮೇಲೆ ಮನೆಯವರು ವಿರೋಧಿಸುತ್ತಾರೆ, ಮತ್ತಾಯ 10:36 ನೋಡಿ” ಎಂದು ತರಗತಿಯಲ್ಲಿ ಮೊದಲೇ ಹೇಳಿಟ್ಟಿರುತ್ತಾರೆ. ಅಪ್ಪ ಕೂಗಾಡಿ ಫೋನ್ ಕಿತ್ತುಕೊಂಡ ದಿನ ಅವರ ಪ್ರವಾದನೆ ನಿಜವಾದಂತೆ ಆಗುತ್ತದೆ. ಹಾಗಾಗಿ ಮನೆಯಲ್ಲಿ ಮಾಡಬೇಕಾದ್ದು ಹೀಗೆ.

ಮೊದಲು ಗಮನಿಸಿ. ವಾರದಲ್ಲಿ ಮೂರಕ್ಕಿಂತ ಹೆಚ್ಚು ಸಂಜೆ ಬಾಗಿಲು ಹಾಕಿಕೊಂಡು ಜೂಮ್, ಯಾವ ತರಗತಿ ಎಂದರೆ ಹಾರಿಕೆಯ ಉತ್ತರ, ಪರೀಕ್ಷೆಗೆ ಓದಿದ ಹಾಗೆ ವಚನ ಸಂಖ್ಯೆಗಳ ಕಂಠಪಾಠ, ನಿದ್ದೆ ಕಡಿಮೆ, ಹಳೆಯ ಸ್ನೇಹಿತರು ದೂರ. ಇವುಗಳಲ್ಲಿ ಒಂದೆರಡು ಇದ್ದ ಮಾತ್ರಕ್ಕೆ ತೀರ್ಮಾನಿಸಬೇಡಿ, ಎಲ್ಲವೂ ಒಟ್ಟಿಗಿದ್ದರೆ ಮಾತಾಡಿ.

ಮಾತಾಡುವಾಗ ಗುಂಪಿನ ಹೆಸರು, ನಾಯಕನ ನಿಂದೆ, ಯೂಟ್ಯೂಬ್ ವಿಡಿಯೋ ಇವುಗಳಿಂದ ಶುರು ಮಾಡಬೇಡಿ. ಮೂರು ಪ್ರಶ್ನೆ ಸಾಕು. ಕಲಿಸುವವರ ಪೂರ್ಣ ಹೆಸರು ಮತ್ತು ಅವರ ಸಭೆ ಯಾವುದು? ಕೊನೆಯ ಪಾಠದಲ್ಲಿ ಏನು ಕಲಿಸುತ್ತಾರೆ ಎಂದು ಈಗಲೇ ಹೇಳಬಲ್ಲರೇ? ನಾನೂ ಜೊತೆಗೆ ಕೂತು ನೋಟ್ಸ್ ಬರೆದುಕೊಳ್ಳಬಹುದೇ? ಪ್ರಾಮಾಣಿಕ ಬೈಬಲ್ ತರಗತಿ ಮೂರಕ್ಕೂ ಐದು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಉತ್ತರ ಸಿಗದೆ ಹೋದರೆ ಯೋಹಾನ 18:20 ಓದಿ. ನಾನು ಲೋಕದ ಮುಂದೆ ಧಾರಾಳವಾಗಿ ಮಾತಾಡಿದ್ದೇನೆ, ಮರೆಯಾಗಿ ಏನನ್ನೂ ಹೇಳಲಿಲ್ಲ ಎಂದು ಯೇಸು ಮಹಾಯಾಜಕನ ಎದುರು ಹೇಳಿದರು. 2 ಕೊರಿಂಥ 4:2ರಲ್ಲಿ ಪೌಲನೂ ಗುಪ್ತಕಾರ್ಯ, ತಂತ್ರ ಎರಡನ್ನೂ ಬಿಟ್ಟೆವು ಎನ್ನುತ್ತಾನೆ. ಈ ಎರಡು ವಚನ ಮನಸ್ಸಿನಲ್ಲಿ ಉಳಿದುಬಿಟ್ಟರೆ ಆಮೇಲೆ ಕೆಲಸ ಮಾಡುತ್ತವೆ.

ಒಂದು ಸಲ ಕೂತರೆ ಒಂದೇ ವಚನ, ಅದರ ಇಡೀ ಅಧ್ಯಾಯ. ಅರ್ಧ ಗಂಟೆಗಿಂತ ಹೆಚ್ಚು ಬೇಡ. ಗೆಲ್ಲಲು ಹೋದರೆ ಅವರು ತರಗತಿಗೆ ಹೋಗಿ ಉತ್ತರ ತರುತ್ತಾರೆ, ವಾದ ಚದುರಂಗದ ಆಟವಾಗುತ್ತದೆ. ಉಳಿದ ಹೊತ್ತು ಊಟ, ಅಜ್ಜಿಯ ಆರೋಗ್ಯ, ಕೆಲಸದ ಮಾತು. ಕಾಲೇಜು ಅಥವಾ ಉದ್ಯೋಗ ಬಿಡುವ ನಿರ್ಧಾರ ಬಂದಾಗ ಮಾತ್ರ ಗಟ್ಟಿಯಾಗಿ ತಡೆಯಿರಿ. “ಆರು ತಿಂಗಳು ಮುಂದೂಡು, ಸತ್ಯವಾಗಿದ್ದರೆ ಆಗಲೂ ಸತ್ಯವಾಗಿಯೇ ಇರುತ್ತದೆ” ಎಂದು ಕೇಳಿಕೊಳ್ಳಿ.

ಲೀಗಲ್_ಶಾಲೋಮ್

ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವ ಆಲೋಚನೆಯೇ ಬೇಡ. 18 ತುಂಬಿದವರಿಗೆ ತಮ್ಮ ನಂಬಿಕೆ ಆರಿಸಿಕೊಳ್ಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ, ಅದು ನಮ್ಮೆಲ್ಲರನ್ನೂ ಕಾಯುವ ಹಕ್ಕು. ಕೂಡಿಹಾಕಿದರೆ ಅಪರಾಧ ನಿಮ್ಮದಾಗುತ್ತದೆ. 2018ರ ಆರಂಭದಲ್ಲಿ ಕೊರಿಯದಲ್ಲಿ ಶಿಂಚೊಂಜಿಗೆ ಸೇರಿದ್ದ ಮಗಳನ್ನು ಬಲವಂತವಾಗಿ ಬಿಡಿಸಲು ಹೋದ ತಂದೆತಾಯಿಯ ಕೈಯಲ್ಲೇ ಯುವತಿಯೊಬ್ಬಳ ಪ್ರಾಣ ಹೋಯಿತು. ಅದರ ನಂತರ ಶಿಂಚೊಂಜಿ ದೊಡ್ಡ ಪ್ರತಿಭಟನೆಗಳನ್ನು ನಡೆಸಿತು.

ಇನ್ನೊಂದು, ಆರೋಪ ಹೊರಿಸುವಾಗ ನಿಖರವಾಗಿರಿ. 2020ರ ಫೆಬ್ರುವರಿ 18ರಂದು ದೆಗು ನಗರದಲ್ಲಿ ಶಿಂಚೊಂಜಿ ಸದಸ್ಯೆಯಾದ, ದೇಶದ ‘31ನೇ ರೋಗಿ’ ಪತ್ತೆಯಾದ ಮೇಲೆ 5,000ಕ್ಕೂ ಹೆಚ್ಚು ಕೋವಿಡ್ ಪ್ರಕರಣಗಳು ಶಿಂಚೊಂಜಿಯೊಂದಿಗೆ ಜೋಡಣೆಯಾದವು. ಆದರೆ ಸೋಂಕು ತಡೆಗೆ ಅಡ್ಡಿಮಾಡಿದ ಆರೋಪದಿಂದ ಲೀ ಖುಲಾಸೆಯಾದರು. ಹಣ ದುರುಪಯೋಗದಲ್ಲಿ ಶಿಕ್ಷೆಯಾಯಿತು, ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು. 2022ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎರಡನ್ನೂ ಎತ್ತಿಹಿಡಿಯಿತು. “ಕೊರೊನಾ ಹರಡಿದ್ದಕ್ಕೆ ಜೈಲಾಯಿತು” ಎಂದು ವಾಟ್ಸಾಪ್‌ನಲ್ಲಿ ಹಂಚಿದರೆ ನಿಮ್ಮ ಮಗ ಎರಡು ನಿಮಿಷದಲ್ಲಿ ಅದನ್ನು ಸುಳ್ಳೆಂದು ತೋರಿಸುತ್ತಾನೆ. ಆಮೇಲೆ ನಿಮ್ಮ ಸರಿಯಾದ ಮಾತನ್ನೂ ಕೇಳುವುದಿಲ್ಲ.

ಗದಗದ_ಬೋಧಕ

ಸಭೆಯ ಕಡೆಯಿಂದ ಆಗಬೇಕಾದ್ದನ್ನೂ ಹೇಳಬೇಕು. ಕೊರಿಯದ ಅನೇಕ ಸಭೆಗಳ ಬಾಗಿಲಲ್ಲಿ ‘ಶಿಂಚೊಂಜಿಯವರಿಗೆ ಪ್ರವೇಶವಿಲ್ಲ’ ಎಂಬ ಸ್ಟಿಕರ್ ಇದೆ. ಸಾಮಾನ್ಯ ವಿಶ್ವಾಸಿಯಂತೆ ಬರುವವನನ್ನು ಸ್ಟಿಕರ್ ತಡೆಯುತ್ತದೇನು? ಹೊಸಬರನ್ನೆಲ್ಲ ಸಂಶಯದಿಂದ ನೋಡುವ ಸಭೆ ತನ್ನ ಆತಿಥ್ಯವನ್ನೇ ಕಳಕೊಳ್ಳುತ್ತದೆ. ಎರಡು ಸರಳ ನಿಯಮ ಸಾಕು. ಸಭೆಯ ವಾಟ್ಸಾಪ್ ಗುಂಪಿನ ನಂಬರುಗಳನ್ನು ಹೊರಗಿನ ಅಧ್ಯಯನಕ್ಕೆ ಬಳಸಬಾರದು. ಸಭೆಯವರಿಗೆ ಯಾರೇ ಬೈಬಲ್ ಪಾಠ ನಡೆಸಿದರೂ ಸಭಾಪಾಲಕರಿಗೆ ಪಾಠದ ಪಟ್ಟಿ ಗೊತ್ತಿರಬೇಕು.

ನಿಜವಾದ ತೂತು ಬೇರೆ ಕಡೆ ಇದೆ. ನಮ್ಮ ಬಹಳ ಸಭೆಗಳಲ್ಲಿ ಪ್ರಕಟನೆ ಪುಸ್ತಕವನ್ನು ತೆರೆಯುವುದೇ ಇಲ್ಲ, ತೆರೆದರೆ 666 ಮತ್ತು ಬಾರ್‌ಕೋಡ್ ಮಾತು. ಇಪ್ಪತ್ತು ವರ್ಷದ ಹುಡುಗಿಗೆ ಅದು ಬೀಗ ಹಾಕಿದ ಪುಸ್ತಕ. ಕೀಲಿಕೈ ನನ್ನ ಹತ್ತಿರ ಅದೆ ಅಂದವನ ಹಿಂದೆ ಆಕೆ ಹೋಗುವುದರಲ್ಲಿ ಆಶ್ಚರ್ಯವೇನು? ನಾವು ಕಲಿಸದೆ ಬಿಟ್ಟ ಜಾಗದಲ್ಲೇ ಅವರು ಬಂದು ಕೂಡ್ತಾರ.

ಎಂಟು ವಾರಗಳಲ್ಲಿ ಇಡೀ ಪುಸ್ತಕ ಓದಿಸಬಹುದು: ಅಧ್ಯಾಯ 1, ಆಮೇಲೆ 2–3, 4–5, 6–7, 8–11, 12–14, 15–18, 19–22. ಪ್ರತಿ ವಾರ ಒಂದೂವರೆ ಗಂಟೆ. ಮೊದಲ ನಲವತ್ತು ನಿಮಿಷ ಗಟ್ಟಿಯಾಗಿ ಓದುವುದಕ್ಕೇ ಇಡಿ, 1:3ರಲ್ಲಿ ಓದುವವನೂ ಕೇಳುವವರೂ ಧನ್ಯರು ಎಂದಿದೆಯಲ್ಲ. ಆಮೇಲೆ ಎರಡೇ ಪ್ರಶ್ನೆ: ಹಿಂಸೆಯಲ್ಲಿದ್ದ ಆಸ್ಯ ಸೀಮೆಯ ಏಳು ಸಭೆಗಳು ಇದನ್ನು ಕೇಳಿ ಏನು ತಿಳಕೊಂಡಿರಬಹುದು? ಇಲ್ಲಿ ಕ್ರಿಸ್ತನ ಬಗ್ಗೆ ಏನು ಹೇಳಿದೆ? ಹಳೇ ಒಡಂಬಡಿಕೆಯ ಜಾಗಗಳನ್ನು ಹುಡುಕಿಸ್ರಿ. ದಾನಿಯೇಲ 7, ಯೆಹೆಜ್ಕೇಲ 1, ಜೆಕರ್ಯ 4 ಗೊತ್ತಿದ್ದರೆ ಪ್ರಕಟನೆಯ ಅರ್ಧ ಚಿತ್ರಗಳು ತಾವೇ ಬಿಚ್ಚಿಕೊಳ್ಳುತ್ತವೆ. ಸಹಸ್ರವರ್ಷದ ಆಳಿಕೆಯ ಬಗ್ಗೆ ಸಭೆಗಳೊಳಗೆ ಬೇರೆಬೇರೆ ಅಭಿಪ್ರಾಯಗಳಿವೆ ಎಂಬುದನ್ನೂ ಮುಚ್ಚಿಡದೆ ಹೇಳ್ರಿ. ಮುಚ್ಚಿಟ್ಟರೆ ಅದನ್ನೇ ಹಿಡಿದು ನಾಳೆ ಇನ್ನೊಬ್ಬ ಬರುತ್ತಾನೆ.

ಧಾರವಾಡ_ಆಪ್ತಸಲಹೆ

ಹೊರಬಂದವರ ಬಗ್ಗೆಯೂ ಬರೆಯುತ್ತೇನೆ, ಏಕೆಂದರೆ ಅಲ್ಲಿ ಸಭೆಗಳು ಹೆಚ್ಚಾಗಿ ಎಡವುತ್ತವೆ. ಬಿಟ್ಟು ಬಂದ ಮೊದಲ ತಿಂಗಳುಗಳಲ್ಲಿ ಭಯ ಸಾಮಾನ್ಯ: ಸತ್ಯ ಬಿಟ್ಟ ಇಸ್ಕರಿಯೋತ ಯೂದನಾದೆನೇನೋ, ಮನೆಗೆ ಕೇಡು ಬರುತ್ತದೇನೋ. ಬೈಬಲ್ ತೆರೆದರೆ ಪ್ರತಿ ಪದಕ್ಕೂ ಹಳೆಯ ಗುಪ್ತ ಅರ್ಥವೇ ತಲೆಯಲ್ಲಿ ಓಡುತ್ತದೆ. ಅಂಥವರಿಗೆ ಪ್ರಕಟನೆಯಿಂದಲೋ ಸಾಮ್ಯಗಳಿಂದಲೋ ಶುರು ಮಾಡಬೇಡಿ. ಮಾರ್ಕನ ಸುವಾರ್ತೆಯ ಅದ್ಭುತಗಳ ಅಧ್ಯಾಯಗಳನ್ನು, ಕೀರ್ತನೆಗಳನ್ನು ಪೂರ್ತಿಯಾಗಿ, ವ್ಯಾಖ್ಯಾನವಿಲ್ಲದೆ ಓದಿ. ಓದಲು ಆಗದಿದ್ದರೆ ಕೆಲವು ವಾರ ಬಿಟ್ಟುಬಿಡಲಿ, ದೇವರು ಅವರನ್ನು ಬಿಡುವುದಿಲ್ಲ.

ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಬೇಡಿ. ತಕ್ಷಣ ಯೂತ್ ಜವಾಬ್ದಾರಿ ಕೊಡಬೇಡಿ, ಬಿಡುವಿಲ್ಲದ ಕೆಲಸವೇ ಅವರನ್ನು ಅಲ್ಲಿ ಕಟ್ಟಿಹಾಕಿದ್ದು. ಅವರು ಕರೆದುಕೊಂಡು ಹೋದ ಸ್ನೇಹಿತರು ಇನ್ನೂ ಅಲ್ಲೇ ಇದ್ದರೆ ಆ ಅಪರಾಧಭಾವ ಬಹಳ ಭಾರ. ಅದನ್ನು ಯಾರೊಂದಿಗಾದರೂ ಪೂರ್ತಿ ಹೇಳಿಕೊಳ್ಳಲು ಅವಕಾಶ ಬೇಕು. ನಿದ್ದೆ ಇಲ್ಲದಿದ್ದರೆ, ಬದುಕು ಬೇಡವೆನ್ನುವ ಮಾತು ಬಂದರೆ, ಪ್ರಾರ್ಥನೆಯ ಜೊತೆಗೆ ಮನೋವೈದ್ಯರನ್ನೂ ಕಾಣಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕೋಲಾರ_ಯೂತ್

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದೊಂದು ಪ್ರಶ್ನೆ. ‘ತಾಯಿ ದೇವರು’ ಗುಂಪಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರು ವಾಪಸ್ ಬಂದರೆ ಮತ್ತೆ ದೀಕ್ಷಾಸ್ನಾನ ಕೊಡಬೇಕೇ?

ಗದಗದ_ಬೋಧಕ

ಎರಡು ಬಗೆ ಅದಾವ ತಮ್ಮಾ. ಆ ಗುಂಪಿಗೆ ಹೋಗುವ ಮುಂಚೆ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಆಗಿದ್ದರೆ ಅದು ಹಾಗೇ ನಿಲ್ಲುತ್ತದೆ, ಪುನಃ ಬೇಡ. ಪಶ್ಚಾತ್ತಾಪದ ಅರಿಕೆ, ವಿಶ್ವಾಸ ಪ್ರಮಾಣವನ್ನು ಬಾಯಾರೆ ಹೇಳುವುದು, ಕರ್ತನ ಭೋಜನಕ್ಕೆ ಮರಳುವುದು, ಇಷ್ಟು ಸಾಕು. ಅಲ್ಲಿ ಆದದ್ದೇ ಮೊದಲ ದೀಕ್ಷಾಸ್ನಾನವಾಗಿದ್ದರೆ ಅದನ್ನು ಕ್ರೈಸ್ತ ದೀಕ್ಷಾಸ್ನಾನ ಎನ್ನಲಾಗದು. ಅವರು ಪವಿತ್ರಾತ್ಮನ ಹೆಸರಾಗಿ ಆನ್ ಸಾಂಗ್-ಹೋಂಗ್ ಎಂಬ ಹೆಸರನ್ನು ಹೇಳಿ ಸ್ನಾನ ಮಾಡಿಸುತ್ತಾರೆ. ಅಂಥವರಿಗೆ ಮೊದಲು ಬೋಧನೆ, ಆಮೇಲೆ ದೀಕ್ಷಾಸ್ನಾನ. ಅವಸರ ಬ್ಯಾಡ, ಅವಸರದ ಸ್ನಾನ ಅವರಿಗೆ ಆಗಲೇ ಒಂದು ಆಗ್ಯಾದ.

ಮಂಗಳೂರು_ಫಿರ್ಗಜ್

ನಮ್ಮಲ್ಲೂ ಹಾಗೆಯೇ. ಸ್ನಾನದ ವೇಳೆ ಏನೆಂದು ಹೇಳಿದರು ಎಂಬುದನ್ನು ಅವರಿಂದ ನೆನಪಿದ್ದಷ್ಟು ಬರೆಸಿಕೊಂಡು, ಮೊದಲಿನ ಸಭೆಯ ದೀಕ್ಷಾಸ್ನಾನ ಪತ್ರವಿದ್ದರೆ ಅದನ್ನೂ ಜೊತೆಗೆ ತೆಗೆದುಕೊಂಡು ನಿಮ್ಮ ಸಭಾಪಾಲಕರನ್ನು ಅಥವಾ ವಿಗಾರರನ್ನು (ಚರ್ಚಿನ ಮುಖ್ಯ ಗುರುಗಳನ್ನು) ಕಾಣಿ. ತೀರ್ಮಾನ ಅವರು ತೆಗೆದುಕೊಳ್ಳಲಿ.